ಮೆಣಸಿನಕಾಯಿ ಹೊಗೆಯ ಮಹಾಕಾವ್ಯ

ಆ ಸಿನಿಮಾದ ಬಗ್ಗೆ ಈಗ ಪುಸ್ತಕ ಬಂದಿದೆಯಂತೆ. ನಾನು ಓದಿಲ್ಲ, ಓದುವ ಆಸೆಯೂ ಇಲ್ಲ. ಅದರ ನಿರ್ದೇಶಕ ಬ್ಯಾಡಗಿಗೆ ಬಂದು ಚಿತ್ರೀಕರಣ ಮಾಡಿದಾಗ ನಾನು ಅಲ್ಲೇ ಇದ್ದೆ. ಸಿನಿಮಾ ಮುಗಿದು ರಾಣೆಬೆನ್ನೂರಿನಲ್ಲಿ ಬಂದು ಬಿದ್ದದ್ದು ನಾನು ಮ್ಯಾನೇಜರಾಗಿದ್ದ ಟಾಕೀಸಿನಲ್ಲೇ. ಹುಟ್ಟಿದ್ದನ್ನು ಕಂಡವನೂ ಹೆಣ ಎತ್ತಿದವನೂ ನಾನೇ. ಹೂತ ಹೆಣ ಎದ್ದು ಬಂದು ಹಾರ ಹಾಕಿಸಿಕೊಳ್ಳುವುದನ್ನು ನೋಡುವುದೂ ನನ್ನ ಹಣೆಯಲ್ಲೇ ಬರೆದಿತ್ತು.

ಅದರಲ್ಲಿ ತಾಯಿಯ ಪಾತ್ರ ಮಾಡಿದವಳು ನನ್ನ ಚಿಗವ್ವ, ನಮ್ಮವ್ವನ ತಂಗಿ. ಅವಳು ನಾಟಕ ಕಂಪನಿಯ ನಟಿ. ಗಂಡ ಅದೇ ಕಂಪನಿಯಲ್ಲಿ ಹಾರ್ಮೋನಿಯಂ ಮಾಸ್ತರ. ಮಕ್ಕಳಾಗಲಿಲ್ಲ. ಗಂಡ ತೀರಿಕೊಂಡು ಕಂಪನಿಯೂ ಮುಚ್ಚಿದ ಮೇಲೆ ಬ್ಯಾಡಗಿಯಲ್ಲಿ ನಮ್ಮ ಹಿಂದಿನ ಓಣಿಯಲ್ಲಿ ಮನೆ ಮಾಡಿಕೊಂಡಿದ್ದಳು. ಅಳುವ ಪಾತ್ರಗಳಲ್ಲಿ ಅವಳದು ದೊಡ್ಡ ಹೆಸರು. ಅವಳು ಅಳುವ ದೃಶ್ಯಕ್ಕೆಂದೇ ಚಕ್ಕಡಿ ಕಟ್ಟಿಕೊಂಡು ಬಂದವರಿದ್ದರು. ಹಬ್ಬಕ್ಕೆ ಮನೆ ತುಂಬ ಜನ ಸೇರಿದಾಗ ಅವಳದೊಂದು ಚೇಷ್ಟೆ ಇತ್ತು. "ಎಡಗಣ್ಣೋ ಬಲಗಣ್ಣೋ, ಹೇಳ್ರಿ" ಅನ್ನುತ್ತಿದ್ದಳು. ಹೇಳಿದ ಕಣ್ಣಿನಿಂದಲೇ ನೀರು ಇಳಿಯುತ್ತಿತ್ತು. ನಾವೆಲ್ಲ ಚಪ್ಪಾಳೆ ತಟ್ಟುತ್ತಿದ್ದೆವು. ಅವಳು ಸೆರಗಿನಿಂದ ಕೆನ್ನೆ ಒರೆಸಿಕೊಂಡು ಹೋಳಿಗೆ ಬೇಯಿಸಲು ಒಳಗೆ ಹೋಗುತ್ತಿದ್ದಳು.

ನಿರ್ದೇಶಕ ಬಂದದ್ದು ಸುಗ್ಗಿಯಲ್ಲಿ, ಮಾರುಕಟ್ಟೆ ಕೆಂಪಗೆ ಉಕ್ಕುತ್ತಿದ್ದಾಗ. ಕಪ್ಪು ಅಂಗಿ, ಕಪ್ಪು ಪ್ಯಾಂಟು, ತಲೆಗೆ ಉಣ್ಣೆಯ ಟೊಪ್ಪಿಗೆ. ಬ್ಯಾಡಗಿಯ ಬಿಸಿಲಲ್ಲಿ ಉಣ್ಣೆಯ ಟೊಪ್ಪಿಗೆ ಹಾಕಿಕೊಂಡವನನ್ನು ನಾನು ಅದೇ ಮೊದಲು, ಅದೇ ಕೊನೆ ನೋಡಿದ್ದು. ರಾಶಿ ಹಾಕಿದ್ದ ಮೆಣಸಿನಕಾಯಿಯ ಮುಂದೆ ನಿಂತು ಕಣ್ಣು ಮುಚ್ಚಿ, "ಇದು ರಕ್ತ" ಅಂದ. ಪಕ್ಕದಲ್ಲಿ ನಿಂತಿದ್ದ, ಕಾಯಿಯ ದಲಾಲಿ ಮಾಡುವ ಅಡತಿ ಅಂಗಡಿಯ ಸಾಹುಕಾರರಿಗೆ ಗಾಬರಿಯಾಯಿತು.

"ರಕ್ತ ಎಲ್ಲೈತ್ರಿ? ಇದು ಡಬ್ಬಿ ಕಾಯಿರಿ, ಒಂದನೇ ನಂಬರಿಂದು."

ನಿರ್ದೇಶಕ ಅವರತ್ತ ಕರುಣೆಯಿಂದ ನಕ್ಕ. ಆ ನಗೆಯನ್ನು ನಾನು ಮುಂದೆ ಬಹಳ ಸಲ ನೋಡಿದೆ. ತನ್ನ ಮಾತು ಎದುರಿನವನಿಗೆ ತಿಳಿಯಲಿಲ್ಲ ಅಂದರೆ ಅವನಿಗೆ ಅದೊಂದು ಪ್ರಶಸ್ತಿ ಸಿಕ್ಕಂತೆ.

ಕಥೆ ಇಷ್ಟೇ. ಒಬ್ಬ ತಾಯಿ, ಒಬ್ಬ ಮಗ. ಮಗ ಒಂದು ದಿನ ಮಾರುಕಟ್ಟೆಗೆ ಹೋದವನು ತಿರುಗಿ ಬರುವುದಿಲ್ಲ. ತಾಯಿ ಉಗ್ರಾಣದಲ್ಲಿ ಚೀಲಗಳ ನಡುವೆ ಕೂತು ಅಳುತ್ತಾಳೆ. ಆ ಪಾತ್ರಕ್ಕೆ ಯಾರಾದರೂ ಇದ್ದಾರೆಯೇ ಎಂದು ಅವನು ಕೇಳಿದಾಗ ಊರೆಲ್ಲ ಚಿಗವ್ವನ ಮನೆಯತ್ತ ಬೆರಳು ತೋರಿಸಿತು. ಚಿಗವ್ವ ಮದುವಣಗಿತ್ತಿಯಂತೆ ಸಡಗರಪಟ್ಟಳು. ಕಂಪನಿ ಮುಚ್ಚಿದ ಮೇಲೆ ಅವಳನ್ನು ಯಾರೂ ಪಾತ್ರಕ್ಕೆ ಕರೆದಿರಲಿಲ್ಲ.

ಅಳುವ ದೃಶ್ಯದ ದಿನ ಟಾಕೀಸಿಗೆ ರಜೆ ಹಾಕಿ ನಾನೂ ಉಗ್ರಾಣಕ್ಕೆ ಹೋದೆ. ಕ್ಯಾಮೆರಾ ಶುರುವಾಯಿತು. ಚಿಗವ್ವ ಪಕ್ಕದ ಚೀಲವನ್ನು, ಮಲಗಿದ ಹುಡುಗನ ಬೆನ್ನೋ ಎಂಬಂತೆ ಮೆಲ್ಲಗೆ ಸವರಿದಳು. ಕೊರಳಿನ ನರ ಒಮ್ಮೆ ಎದ್ದು ಇಳಿಯಿತು. ಧ್ವನಿ ಇರಲಿಲ್ಲ. ಕಣ್ಣು ತುಂಬಿ, ತುಳುಕದೆ ಅಲ್ಲೇ ನಿಂತು, ಆಮೇಲೆ ಇಳಿಯಿತು. ದೀಪ ಹಿಡಿದವನೊಬ್ಬ ಮುಖ ತಿರುಗಿಸಿಕೊಂಡ. ನಾನೂ ಕಣ್ಣು ಒರೆಸಿಕೊಂಡೆ. ಹಬ್ಬದ ದಿನದ ಚೇಷ್ಟೆ ನೋಡಿ ಬೆಳೆದ ನನಗೇ ಹಾಗಾಯಿತು.

"ಕಟ್" ಅಂದ ನಿರ್ದೇಶಕ. "ಅಮ್ಮ, ಇದು ನಾಟಕ. ನನಗೆ ನಾಟಕ ಬೇಡ."

"ಮತ್ತ ಏನ್ ಬೇಕಪ್ಪಾ?"

"ಸತ್ಯ ಬೇಕು. ನೀವು ಏನೂ ಮಾಡಬೇಡಿ. ಸುಮ್ನೆ ಇರಿ."

ಚಿಗವ್ವ ಸುಮ್ಮನೆ ಕೂತಳು. ಅವನು ಸಹಾಯಕನ ಕಿವಿಯಲ್ಲಿ ಏನೋ ಹೇಳಿದ. ಸ್ವಲ್ಪ ಹೊತ್ತಿನಲ್ಲಿ ಒಳಗಿನ ಕೋಣೆಯಿಂದ ಹೊಗೆ ಬಂತು. ಕೆಂಡದ ಮೇಲೆ ಮೆಣಸಿನಕಾಯಿ ಸುರಿದಿದ್ದರು. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ಯಾರೋ ತಿಳಿಸಿದ್ದರಿಂದ ಗುಂಟೂರು ಕಾಯಿಯನ್ನೇ ಹುಡುಕಿ ತರಿಸಿದ್ದನಂತೆ. ಊರಿನ ಬಗ್ಗೆ ಆ ಮನುಷ್ಯ ಕಲಿತ ವಿದ್ಯೆ ಅದೊಂದೇ. ಅಷ್ಟರಲ್ಲಿ ನಮ್ಮನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಎಳೆದುಕೊಂಡಿದ್ದರು; ನಾನು ಕಿಟಕಿಯಿಂದ ನೋಡುತ್ತಿದ್ದೆ. ಚಿಗವ್ವ ಕೆಮ್ಮಿದಳು, ಸೀನಿದಳು, ಮೂಗು ಬಾಯಿ ಒಂದಾಗಿ ಚೀಲಕ್ಕೆ ಒರಗಿ ಉಸಿರಿಗೆ ಒದ್ದಾಡಿದಳು. ನಾನು ಕೂಗುತ್ತ ಬಾಗಿಲತ್ತ ಹೋದರೆ ಇಬ್ಬರು ನನ್ನ ತೋಳು ಹಿಡಿದರು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡಿದ್ದ ಕ್ಯಾಮೆರಾದವನು ಕದಲಲಿಲ್ಲ. ನಿರ್ದೇಶಕನ ಮೂಗಿಗೂ ಒದ್ದೆ ಬಟ್ಟೆ ಇತ್ತು. ಸತ್ಯ ಚಿಗವ್ವ ಒಬ್ಬಳಿಗೇ ಮೀಸಲು.

ಮರುದಿನ ಅವಳನ್ನು ಹಾವೇರಿಗೆ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ. ರೆಪ್ಪೆಗಳು ಊದಿ ಅಂಟಿಕೊಂಡಿದ್ದವು. ಮದ್ದು ಹಾಕಿ ಪಟ್ಟಿ ಕಟ್ಟಿ ಕಳಿಸಿದರು. ಪಟ್ಟಿ ಬಿಚ್ಚುವ ಮೊದಲು ನಿರ್ದೇಶಕ ಬಾಳೆಹಣ್ಣು ಹಿಡಿದು ಮನೆಗೆ ಬಂದ. ಕ್ಷಮೆ ಕೇಳಲು ಅಲ್ಲ, ಅಭಿನಂದಿಸಲು.

"ಅಮ್ಮ, ನೀವು ಅಮರ ಆಗಿಬಿಟ್ರಿ."

"ಅಮರ ಆಗೋದು ಆಮ್ಯಾಲಿಂದಾತು. ಮೊದಲ ಕಣ್ಣು ಕಾಣಬೇಕಲ್ಲೋ ಯಪ್ಪಾ" ಅಂದಳು ಚಿಗವ್ವ.

ಅವನು ಗಂಭೀರವಾಗಿ ತಲೆಯಾಡಿಸಿ, ಆ ಮಾತನ್ನು ಸಹಾಯಕನಿಗೆ ಬರೆದುಕೊಳ್ಳಲು ಹೇಳಿದ. ನಾನು ಬಾಳೆಹಣ್ಣನ್ನು ದನಕ್ಕೆ ಹಾಕಿದೆ.

ಸಿನಿಮಾ ರಾಣೆಬೆನ್ನೂರಿಗೆ ಬಂದ ಮೊದಲ ದಿನ ಬ್ಯಾಡಗಿಯವರು ಟೆಂಪೊ ಮಾಡಿಕೊಂಡು ಬಂದಿದ್ದರು. ತಮ್ಮ ಮಾರುಕಟ್ಟೆ, ತಮ್ಮ ಎತ್ತು, ತಮ್ಮ ಮುಖ ಪರದೆಯ ಮೇಲೆ ನೋಡುವ ಹಂಬಲ. ಶುರುವಾದದ್ದು ಒಂದು ಖಾಲಿ ಹೊಲದಿಂದ. ಹೊಲದಲ್ಲಿ ಒಂದು ಕಾಗೆ. ಕಾಗೆ ಕೂತಿದೆ, ಕೂತೇ ಇದೆ. ಕೆಳಗಿನಿಂದ ಒಬ್ಬ ಕೂಗಿದ, "ಏ, ಮಷೀನ್ ನಿಂತೈತೇನ್ರೋ?" ಕಾಗೆ ಹಾರಿದಾಗ ಇಡೀ ಟಾಕೀಸು ಶಿಳ್ಳೆ ಹೊಡೆಯಿತು. ಸಿನಿಮಾಕ್ಕೆ ಬಿದ್ದ ಶಿಳ್ಳೆ ಅದೊಂದೇ. ಇಂಟರ್ವಲ್ಲಿಗೆ ಅಡತಿ ಅಂಗಡಿಯ ಸಾಹುಕಾರರು ನನ್ನ ಕೋಣೆಗೆ ಬಂದು ಕೇಳಿದರು, "ತಮ್ಮಾ, ಇದು ಮುಗದೈತೋ, ಇನ್ನೂ ಶುರು ಆಗಿಲ್ಲೋ? ಬಸ್ಸಿನ ಟೈಮ್ ನೋಡ್ಕೋಬೇಕು ನಾನು."

ಎದುರಿನ ಚಹಾದಂಗಡಿಯಲ್ಲಿ ಜಗಳವಾಯಿತು. ಕಾಲೇಜಿನ ಇಬ್ಬರು ಮಾಸ್ತರರು ಇದು ಕಾವ್ಯ, ನಿಮಗೆ ಹಾಡು ಕುಣಿತ ಬೇಕು ಅಂದರು. ಬ್ಯಾಡಗಿಯವರು ನಮ್ಮೂರನ್ನು ಸ್ಮಶಾನ ಮಾಡಿ ತೋರಿಸಿದ್ದಾನೆ ಅಂದರು. ಗ್ಲಾಸು ಒಡೆಯಿತು. ಆ ಮಾಸ್ತರರಲ್ಲಿ ಒಬ್ಬರು ಇಂಟರ್ವಲ್ಲಿನ ತನಕ ಗೊರಕೆ ಹೊಡೆದದ್ದನ್ನು ನಾನು ಕಂಡಿದ್ದೆ.

ಎರಡನೆಯ ದಿನ ಮಧ್ಯಾಹ್ನದ ಆಟಕ್ಕೆ ಜನವೇ ಇರಲಿಲ್ಲ. ಆಪರೇಟರ್ ಚಾಚಾ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತರು. ಬಹಳ ವರ್ಷದ ಹಿರಿಯರು, ಎಂದೂ ಕೆಲಸ ಕೆಡಿಸಿದವರಲ್ಲ.

"ಮ್ಯಾನೇಜರ್ ಸಾಹೇಬ್ರ, ಗಲತಿ ಆತ್ರಿ. ಹಿಂದಿನ ರೀಲು ಮುಂದ ಹಾಕಿಬಿಟ್ಟೇನಿ. ಹುಡುಗ ಇನ್ನೂ ಮನ್ಯಾಗ ಉಣ್ಣಾಕತ್ತಾನ, ನಿಮ್ಮ ಚಿಗವ್ವ ಆಗಲೇ ಅತ್ತು ಮುಗಿಸ್ಯಾರ. ನಿಂದರಸಲೇನ್ರಿ?"

"ಯಾರರ ಕೂಗ್ಯಾಡಿದ್ರೇನು?"

"ಇಲ್ರಿ. ಬಾಲ್ಕನ್ಯಾಗ ಒಬ್ಬಾಂವ ಕುಂತಾನ. ಏನೋ ಬರ್ಕೊಳ್ಳಾಕತ್ತಾನ."

"ಹಂಗ ಹೋಗ್ಲಿ ಬಿಡ್ರಿ ಚಾಚಾ. ಹಿಂದಾದ್ರೇನು, ಮುಂದಾದ್ರೇನು?"

ಬರೆದುಕೊಳ್ಳುತ್ತಿದ್ದವನು ಬೆಂಗಳೂರಿನ ವಿಮರ್ಶಕ. ಯಾರದೋ ಮದುವೆಗೆ ರಾಣೆಬೆನ್ನೂರಿಗೆ ಬಂದಿದ್ದನಂತೆ. ಕೆಲವು ವಾರಗಳ ನಂತರ ಅವನ ಲೇಖನ ಬಂತು. ಮಗ ಕಾಣೆಯಾಗುವ ಮುಂಚೆಯೇ ತಾಯಿ ಅಳುತ್ತಾಳೆ, ನಾಳಿನ ದುಃಖವನ್ನು ಇಂದೇ ಅನುಭವಿಸುತ್ತಾಳೆ, ಕಾಲವನ್ನು ಹೀಗೆ ಮುರಿದ ಧೈರ್ಯವಂತ ನಮ್ಮಲ್ಲಿ ಇನ್ನೊಬ್ಬನಿಲ್ಲ ಎಂಬ ಅರ್ಥದಲ್ಲಿ ಉದ್ದಕ್ಕೂ ಹೊಗಳಿದ್ದ. ನಾನು ಚಾಚಾರಿಗೆ ಓದಿ ಹೇಳಿದೆ. ಅವರು ನಗುತ್ತ ನಗುತ್ತ ಕೆಮ್ಮು ಹತ್ತಿಸಿಕೊಂಡರು.

ಆದರೆ ನಿರ್ದೇಶಕ ನಗಲಿಲ್ಲ. ಅವನು ಜಾಣ. ಮುಂದೆ ಪರದೇಶದ ಉತ್ಸವಕ್ಕೆ ಕಳಿಸಿದ ಪ್ರತಿಯನ್ನು ಚಾಚಾ ಹಾಕಿದ ಕ್ರಮದಲ್ಲೇ ಜೋಡಿಸಿದ. ಅಲ್ಲಿ ಯಾವುದೋ ಬಹುಮಾನ ಬಂತು. ಮುಂದೆ ಅದು ಮೊಬೈಲಿಗೂ ಬಂತು. ಗಡ್ಡ ಬಿಟ್ಟ ಹುಡುಗರೂ ದೊಡ್ಡ ಕನ್ನಡಕದ ಹುಡುಗಿಯರೂ ಅದನ್ನು ಸಹಸ್ರನಾಮದಂತೆ ಬಾಯಿಪಾಠ ಮಾಡತೊಡಗಿದರು. ಒಂದು ಗುಂಪು ಅದನ್ನು ಪೂಜಿಸಿತು, ಇನ್ನೊಂದು ಗುಂಪು ಉಗಿಯಿತು. ಉಗಿದವರಿಂದಲೇ ಪೂಜೆ ಇನ್ನಷ್ಟು ಜೋರಾಯಿತು. ಬ್ಯಾಡಗಿಯ ಆ ಉಗ್ರಾಣದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಲು ಬರುವವರನ್ನು ನಾನೇ ಕಂಡಿದ್ದೇನೆ. ಹಮಾಲರಿಗೆ ಸ್ವಲ್ಪ ಪಕ್ಕಕ್ಕೆ ಸರಿಯಿರಿ, ಚೌಕಟ್ಟು ಕೆಡುತ್ತದೆ ಅನ್ನುತ್ತಾರೆ. ಅಷ್ಟರಲ್ಲಿ ನಮ್ಮ ಟಾಕೀಸು ಮುಚ್ಚಿ ಮದುವೆ ಹಾಲ್ ಆಗಿತ್ತು. ನಾನು ಬ್ಯಾಡಗಿಯ ಮನೆಗೆ ಮರಳಿದ್ದೆ.

ಹೋದ ವರ್ಷ ಹಾವೇರಿಯಲ್ಲಿ ಸಿನಿಮಾಪ್ರೇಮಿಗಳ ಗುಂಪೊಂದು ಅದನ್ನು ತೋರಿಸಿ ನಿರ್ದೇಶಕನಿಗೂ ಚಿಗವ್ವನಿಗೂ ಸನ್ಮಾನ ಇಟ್ಟುಕೊಂಡಿತು. ಹೋಗುವುದು ಬೇಡ ಅಂದೆ. "ಇಷ್ಟು ದಿವಸ ಆತು, ಒಮ್ಮೆ ನೋಡೂಣು ನಡಿ" ಅಂದಳು. ಕಂಪನಿಯ ಕಾಲದ ಇಳಕಲ್ ಸೀರೆ ಉಟ್ಟು ಬೆಳಿಗ್ಗೆಯೇ ತಯಾರಾಗಿ ಕೂತಿದ್ದಳು. ಸಭಾಂಗಣದಲ್ಲಿ ಹುಡುಗರ ಟೀ ಶರ್ಟುಗಳ ಮೇಲೆಲ್ಲ ಅವಳದೇ ಮುಖ. ಕಣ್ಣು ಊದಿದ, ಮೂಗು ಸುರಿಯುವ ಮುಖ. ಅವಳು ಒಂದೊಂದು ಎದೆಯನ್ನೂ ನೋಡುತ್ತ ನಡೆದಳು. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು.

ನಿರ್ದೇಶಕನ ತಲೆ ನರೆತಿತ್ತು. ಟೊಪ್ಪಿಗೆ ಇರಲಿಲ್ಲ, ಕಪ್ಪು ಬಟ್ಟೆ ಇತ್ತು. ಕಾಲವನ್ನು ಮುರಿದು ಜೋಡಿಸಲು ತಾನು ಪಟ್ಟ ಪಾಡನ್ನು ಬಹಳ ಹೊತ್ತು ಹೇಳಿದ. ಆ ಕ್ರಮ ತನಗೆ ಕನಸಿನಲ್ಲಿ ಕಂಡಿತಂತೆ. ಚಾಚಾ ತೀರಿಕೊಂಡಿದ್ದರು. ಇದ್ದಿದ್ದರೆ ಇವನ ಕನಸಿನೊಳಗೆ ತಾವು ಯಾವಾಗ ಹೊಕ್ಕಿದ್ದೆಂದು ಕೇಳುತ್ತಿದ್ದರು. ಕೊನೆಗೆ ಅವನು ಚಿಗವ್ವನ ಕಡೆ ಕೈ ಮಾಡಿ, "ಈ ತಾಯಿ ಅವತ್ತು ತೀರಿಹೋದ ತಮ್ಮ ಸ್ವಂತ ಮಗನನ್ನು ನೆನೆದು ಅತ್ತರು. ಅದಕ್ಕೇ ಅದು ಸತ್ಯ" ಅಂದ.

ನಾನು ಎದ್ದು ನಿಂತೆ. ಚಿಗವ್ವ ನನ್ನ ಅಂಗಿ ಜಗ್ಗಿ ಕೂರಿಸಿ, ತಾನೇ ಮೆಲ್ಲಗೆ ವೇದಿಕೆ ಹತ್ತಿದಳು. ಮೈಕು ಹಿಡಿಯುವುದನ್ನು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ.

"ನನಗ ಮಕ್ಕಳಿಲ್ರಿ" ಅಂದಳು. "ಹುಟ್ಟೂ ಇಲ್ಲ, ಸತ್ತೂ ಇಲ್ಲ. ಇವ್ರು ಒಳಗ ಕುಂದರಿಸಿ ಬಾಗಿಲಾ ಹಾಕಿ ಮೆಣಸಿನಕಾಯಿ ಹೊಗಿ ಹಾಕಿದ್ರು. ನಾ ಅತ್ತಿದ್ದಲ್ಲ ಅದು, ಉಸಿರು ಕಟ್ಟಿದ್ದು. ಅಳೋದು ನನಗ ಬರತಿತ್ತು. ಮೊದಲ ಅತ್ತು ತೋರಿಸಿದ್ದೆ. ಅದು ಬ್ಯಾಡಂದ್ರು."

ಇವತ್ತಾದರೂ ಇವನ ಬಣ್ಣ ಬಯಲಾಯಿತು ಅಂದುಕೊಂಡೆ. ಆಗ ಹಿಂದಿನಿಂದ ಒಬ್ಬ ಎದ್ದು ನಿಂತು ಚಪ್ಪಾಳೆ ತಟ್ಟಿದ. ಇನ್ನೊಬ್ಬ ಎದ್ದ. ಇಡೀ ಸಭಾಂಗಣ ಎದ್ದು ನಿಂತು ತಟ್ಟಿತು. ಕಲೆಗಾಗಿ ಎಂಥ ತ್ಯಾಗ, ಎಂಥ ನಿರ್ದೇಶಕ, ಎಂಥ ನಿಷ್ಠೆ ಎಂದು ನನ್ನ ಪಕ್ಕದ ಹುಡುಗಿ ಕಣ್ಣು ಒರೆಸಿಕೊಂಡಳು. ಮಗ ಸತ್ತ ಸುಳ್ಳು ಅಲ್ಲೇ ಬಿದ್ದುಹೋಯಿತು, ಅದನ್ನು ಯಾರೂ ಕೇಳಲಿಲ್ಲ. ಅದಕ್ಕಿಂತ ರುಚಿಯಾದದ್ದು ಸಿಕ್ಕಿತ್ತಲ್ಲ. ನಿರ್ದೇಶಕ ಒಂದು ಗಳಿಗೆ ಪೆಚ್ಚಾದವನು ಚಪ್ಪಾಳೆ ಕೇಳಿ ಚೇತರಿಸಿಕೊಂಡು, ಬಾಗಿ ಚಿಗವ್ವನ ಪಾದ ಮುಟ್ಟಿದ. ಅದರ ಫೋಟೊ ಆ ಸಂಜೆಗೇ ಊರೂರು ಸುತ್ತಿತು. ಈಗ ಅವನು ಹೋದಲ್ಲೆಲ್ಲ ಹೊಗೆಯ ಕಥೆಯನ್ನು ತಾನೇ ಹೆಮ್ಮೆಯಿಂದ ಹೇಳುತ್ತಾನಂತೆ. ಅದರಲ್ಲಿ ಅವನ ಕಣ್ಣೂ ಊದಿಕೊಂಡಿರುತ್ತದಂತೆ.

ತಿರುಗಿ ಬರುವಾಗ ಮೋಟೆಬೆನ್ನೂರು ದಾಟುವ ತನಕ ಚಿಗವ್ವ ಬಸ್ಸಿನ ಕಿಟಕಿಯ ಹೊರಗೇ ನೋಡುತ್ತಿದ್ದಳು.

"ಮೊದಲನೇ ಸಲ ಅತ್ತಿದ್ನಲ್ಲ, ಅದು ಚಲೋ ಇತ್ತಲ್ಲೋ ತಮ್ಮಾ?" ಅಂದಳು.

"ಭಾಳ ಚಲೋ ಇತ್ತು ಚಿಗವ್ವ."

"ಅದನ್ನ ಎಲ್ಲಿ ಇಟ್ಟಾರಂತ?"

"ಒಗದಿರಬೇಕು."

ಅವಳು ತಲೆಯಾಡಿಸಿದಳು. ಇದುವರೆಗೂ ನನಗೆ ಸಿಟ್ಟು ಇಳಿದಿಲ್ಲ. ಅವಳಿಗೆ ಅವತ್ತೇ ಇಳಿದಂತಿತ್ತು, ಅಥವಾ ಸಿಟ್ಟಿಗಿಂತ ಆಳವಾದದ್ದೇನೋ ಒಳಗೆ ಇಳಿದು ಕೂತಿತ್ತು.

ಈ ಬೇಸಿಗೆಯಲ್ಲಿ ಕುಪ್ಪೇಲೂರಿನ ಕೆಲವು ರೈತರು ನಾಟಕ ಕಲಿಸಿ ಎಂದು ಅವಳನ್ನು ಕರೆದರು. ವಾರಕ್ಕೆರಡು ದಿನ ನಾನೇ ಬೈಕಿನ ಹಿಂದೆ ಕೂರಿಸಿಕೊಂಡು ಹೋಗುತ್ತೇನೆ. ಮಧ್ಯಾಹ್ನ ಹೊಲದ ಕೆಲಸ ಬಿಟ್ಟು ಅವರು ಸಮುದಾಯ ಭವನದಲ್ಲಿ ಸೇರುತ್ತಾರೆ. ಚಿಗವ್ವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡು ಕಲಿಸುತ್ತಾಳೆ. ಮೊನ್ನೆ, ಅಣ್ಣನ ಪಾತ್ರದ ದಪ್ಪ ಮೀಸೆಯ ಮನುಷ್ಯ ತಮ್ಮನ ಹೆಣದ ಮುಂದೆ ಎಷ್ಟು ಮುಖ ಕಿವಿಚಿದರೂ ಅಳು ಬರಲಿಲ್ಲ. ನಾಚಿ ನಿಂತ.

"ಕಣ್ಣೀರು ಬರಲಿಲ್ಲಂದ್ರ ಬ್ಯಾಡ ಬಿಡು" ಅಂದಳು ಚಿಗವ್ವ. "ತಮ್ಮನ ಅಂಗಿ ಗುಂಡಿ ಹಾಕು. ಬಿಚ್ಚಿದ್ದು ಹಂಗ ಇರಬಾರದು, ಮಂದಿ ನೋಡ್ತಾರ, ಅಂದ್ಕೊಂಡು ಹಾಕು. ಅಷ್ಟ ಮಾಡು."

ಅವನು ಬಾಗಿ ಗುಂಡಿ ಹಾಕಿದ. ಬೆರಳು ತಡವರಿಸಿತು. ಮೂಲೆಯಲ್ಲಿ ಹರಟುತ್ತಿದ್ದವರು ಇತ್ತ ತಿರುಗಿದರು. ದೃಶ್ಯ ಮುಗಿದ ಮೇಲೆ ಅವನು ನೀರು ಕುಡಿದು ಅವಳ ಪಕ್ಕ ಬಂದು ಕೂತ.

"ಅಮ್ಮಾರ, ನೀವು ಆ ದೊಡ್ಡ ಸಿನಿಮಾದಾಗ ಇದ್ರಂತಲ್ರಿ? ಮೊಬೈಲ್‌ನ್ಯಾಗ ನೋಡಿದೆ. ಖರೇ ಹೇಳ್ತೇನಿ, ಏನೂ ತಿಳೀಲಿಲ್ರಿ."

"ನಾನೂ ಪೂರಾ ನೋಡಿಲ್ಲಪ್ಪ" ಅಂದಳು ಚಿಗವ್ವ. "ಏಳು, ಎರಡನೇ ಅಂಕ ತಗೋಳೂಣು. ಲಗೂ ಮುಗಿಸಿದ್ರ ನೀವೂ ಎಮ್ಮಿ ಹಿಂಡಾಕ ಹೋಗಬಹುದು."