ಕಳ್ಳನಿಗೆ ಸಿಗದ ಜೇಬು

ನಾನು ಕೊಯಮತ್ತೂರು ಕಡೆಯವನು, ಆರನೇ ಕ್ಲಾಸಿಗೆ ತಮಿಳು ಶಾಲೆ ಬಿಟ್ಟವನು. ಕನ್ನಡ ನಮ್ಮ ಮನೆಮಾತು, ಆದರೆ ಅಕ್ಷರ ಕಲಿತದ್ದು ಬಹಳ ತಡವಾಗಿ. ಬನಿಯನ್ ಮೂಟೆ ಹೊತ್ತುಕೊಂಡು ಚಾಮರಾಜನಗರ, ಮೈಸೂರಿನ ಅಂಗಡಿಗಳನ್ನು ಸುತ್ತುವಾಗ ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು ಓದಿ ಓದಿ ಕಲಿತೆ. ನನ್ನ ಬರವಣಿಗೆಯಲ್ಲಿ ತಪ್ಪಿದ್ದರೆ ಓದುವವರು ಸಹಿಸಿಕೊಳ್ಳಬೇಕು. ಬನಿಯನ್ನಿನ ವಿಷಯದಲ್ಲಿ ಮಾತ್ರ ಯಾರೂ ನನ್ನನ್ನು ಸಹಿಸಿಕೊಳ್ಳಬೇಕಾಗಿಲ್ಲ. ತಿರುಪ್ಪೂರಿನಲ್ಲಿ ಮೂವತ್ತು ವರ್ಷದಿಂದ ಸ್ವಂತ ಯೂನಿಟ್ಟು ನಡೆಸುತ್ತಿದ್ದೇನೆ. ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದರೆ ಸಾಕು, ಒಗೆದ ಮೇಲೆ ಎಷ್ಟು ಕುಗ್ಗುತ್ತದೆ ಎಂದು ಹೇಳಿಬಿಡುತ್ತೇನೆ. ಹೀಗೆ ಎದೆ ತಟ್ಟಿಕೊಳ್ಳುವ ಮನುಷ್ಯ ಬ್ರೆಜಿಲ್ ದೇಶದ ಕಡಲ ದಂಡೆಯಲ್ಲಿ, ತಾನೇ ಹೊಲಿದ ಬನಿಯನ್ನಿನಿಂದ ಮಾನ ಕಳೆದುಕೊಂಡ ಕತೆ ಇದು.

ರಿಯೊ ಡಿ ಜನೈರೊ ಪಟ್ಟಣದಲ್ಲಿ ನಮ್ಮ ರೌಂಡ್ ನೆಕ್ ಟಿ-ಶರ್ಟುಗಳನ್ನು ಕೊಳ್ಳುವ ವ್ಯಾಪಾರಿಯೊಬ್ಬರಿದ್ದಾರೆ. ಒಮ್ಮೆ ಹೆಂಡತಿಯನ್ನೂ ಕರೆದುಕೊಂಡು ಬನ್ನಿ, ನಮ್ಮ ಅಂಗಡಿಗಳನ್ನು ನೋಡಿ, ಸಮುದ್ರ ನೋಡಿ ಎಂದು ಎರಡು ವರ್ಷದಿಂದ ಕರೆಯುತ್ತಿದ್ದರು. ಕೊನೆಗೆ ಮನಸ್ಸು ಮಾಡಿ, ಕೊಯಮತ್ತೂರಿನ ಶರವಣಂಪಟ್ಟಿಯ ಒಂದು ಟ್ರಾವೆಲ್ಸಿಗೆ ಟಿಕೆಟ್ ಮಾಡಿಸಲು ಇಬ್ಬರೂ ಹೋದೆವು. ಅಲ್ಲಿದ್ದ ಕನ್ನಡಕದ ಮನುಷ್ಯ ಟಿಕೆಟ್ಟಿಗಿಂತ ಹೆಚ್ಚಾಗಿ ಬುದ್ಧಿಮಾತು ಕೊಟ್ಟ.

"ಊರು ಬಹಳ ಚೆಂದ ಸಾರ್. ಜನರೂ ಒಳ್ಳೆಯವರೇ. ಆದ್ರೆ ದೊಡ್ಡ ಊರು. ಫೋನ್ ಕೈಯಲ್ಲಿ ಹಿಡ್ಕೊಂಡು ಬೀದೀಲಿ ನಿಲ್ಲಬೇಡಿ. ಬ್ಯಾಗನ್ನ ಮರಳ ಮೇಲಿಟ್ಟು ನೀರಿಗಿಳೀಬೇಡಿ. ಕತ್ತಲಾದ್ಮೇಲೆ ದಂಡೆ ಕಡೆ ಹೋಗ್ಲೇಬೇಡಿ. ಪಾಸ್‌ಪೋರ್ಟು ಹೋಟೆಲ್ ಲಾಕರಿನಲ್ಲಿರಲಿ, ಜೆರಾಕ್ಸ್ ಜೇಬಲ್ಲಿರಲಿ. ಮೇಲಿನ ಜೇಬಲ್ಲಿ ಸ್ವಲ್ಪ ದುಡ್ಡು ಬೇರೆ ಇಟ್ಕೊಳ್ಳಿ. ಯಾರಾದ್ರೂ ಅಡ್ಡ ಹಾಕಿದ್ರೆ ಮಾತಾಡದೆ ಕೊಟ್ಟುಬಿಡಿ."

"ಕಳ್ಳನಿಗೆ ಅಂತ ನಾನು ತಿಂಗಳ ಸಂಬಳ ಎತ್ತಿಡಬೇಕಾ?"

"ಜೀವ ದೊಡ್ಡದು ಸಾರ್. ಆಮೇಲೆ, ಮೈಮೇಲೆ ಒಂದು ಗುಂಜಿ ಚಿನ್ನವೂ ಬೇಡ."

ಹೆಂಡತಿಯ ಕೈ ಕೊರಳಿಗೆ ಹೋಯಿತು. ಅಲ್ಲಿದ್ದದ್ದು ತಾಳಿ ಸರ. ನಾನು ಮಗ್ಗ ಬಿಟ್ಟು ಬನಿಯನ್ ಕೆಲಸಕ್ಕೆ ಇಳಿದ ವರ್ಷ ನಮ್ಮ ತಂದೆ ತಮ್ಮ ಕೈಮಗ್ಗವನ್ನು ಮಾರಿ, ಬಂದ ದುಡ್ಡಲ್ಲಿ ಮುಂದೆ ಬರುವ ಸೊಸೆಗೆಂದು ಮಾಡಿಸಿದ್ದು. ತಂದೆ ಈಗಿಲ್ಲ. ಆ ಮಗ್ಗದಲ್ಲಿ ನಮ್ಮ ಮನೆಗೆ ಉಳಿದದ್ದು ಇದೊಂದೇ. ಇದು ಕಳೆದರೆ ನಾನು ಇನ್ನೊಂದು ಮಾಡಿಸಬಲ್ಲೆ, ಇದಕ್ಕಿಂತ ದಪ್ಪದ್ದೇ ಮಾಡಿಸಬಲ್ಲೆ. ಆದರೆ ಅದು ಇದಾಗುವುದಿಲ್ಲ.

"ಏನುಂಗ, ತಾಳಿ ಬಿಚ್ಚಿಟ್ಟು ಬರೋದಾದ್ರೆ ನಾನು ಬರಲ್ಲ," ಎಂದಳು. "ಏನುಂಗ" ಎಂದರೆ ನಮ್ಮ ಕಡೆಯ "ಏನ್ರೀ".

ತೀರ್ಪಿಗಾಗಿ ಹೆಂಡತಿಯ ತವರು ಸಿರುಮುಗೈಗೆ, ನಮ್ಮ ಅತ್ತೆಯ ಹತ್ತಿರ ಹೋದೆವು. ರೇಷ್ಮೆ ಸೀರೆ ನೇಯುವ ಮನೆ ಅದು. ಅತ್ತೆಗೆ ಎಂಬತ್ತಾದರೂ ನೂಲಿನ ಗಂಟು ಬಿಡಿಸುವ ಹಾಗೆ ಯಾವ ಸಿಕ್ಕನ್ನಾದರೂ ಬಿಡಿಸುತ್ತಾರೆ. ಅಳಿಯನನ್ನು ಕರೆಯುವುದು ಮಾಪ್ಳೆ ಎಂದೇ.

"ಮಾಪ್ಳೆ, ಕೊರಳಿಗೆ ಹಳದಿ ದಾರದಲ್ಲಿ ಅರಿಶಿನದ ಕೊಂಬು ಕಟ್ಕೊಳ್ಳಲಿ. ಅದೂ ತಾಳೀನೇ. ಆದ್ರೆ ಚಿನ್ನದ್ದನ್ನ ಪೆಟ್ಟಿಗೆ, ಬೀರು, ಲಾಕರು ಅಂತ ಎಲ್ಲೂ ಇಡೋ ಹಾಗಿಲ್ಲ. ಅವಳ ಮೈಮೇಲೆ ಇಲ್ದಿದ್ರೆ ನಿಮ್ಮ ಮೈಮೇಲೆ ಇರಬೇಕು."

"ನನ್ನ ಮೈಮೇಲಾ ಅತ್ತೆ?"

"ಮತ್ತೆ? ಕಟ್ಟಿದ್ದು ನೀವೇ ತಾನೆ?"

ವಾಪಸು ಹೊರಟೆವು. ದಾರಿಯುದ್ದಕ್ಕೂ ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ ನಗುತ್ತಿದ್ದಳು.

ಆ ಭಾನುವಾರ ಯೂನಿಟ್ಟಿಗೆ ಹೋಗಿ ನಾನೇ ಮೆಷಿನ್ ಮೇಲೆ ಕೂತೆ. ಎಳೆದರೆ ಹಿಗ್ಗುವ ನಮ್ಮದೇ ರಿಬ್ ಬಟ್ಟೆಯ ಬನಿಯನ್, ಎದೆಯ ಮೇಲೆ ಒಳಮುಖವಾಗಿ ಎರಡು ಪದರದ ಜೇಬು, ಸುತ್ತ ಮೂರು ಸಾಲು ಹೊಲಿಗೆ. ಅಂಥವು ನಾಲ್ಕು. ಲೆಕ್ಕ ಮುಗಿಸಲು ಬಂದಿದ್ದ ನಮ್ಮ ಕಟಿಂಗ್ ಮಾಸ್ಟರ್ ಹಿಂದೆ ಬಂದು ನಿಂತರು.

"ಮೊದಲಾಳಿ, ಒಂದು ಜಿಪ್ ಇಡಬಹುದಲ್ಲ."

"ಜಿಪ್ ಇಟ್ರೆ ಕಳ್ಳನಿಗೆ ಬಾಗಿಲು ತೋರಿಸಿದ ಹಾಗೆ. ಬೆಳಿಗ್ಗೆ ಬಾಯಿ ಹೊಲ್ಕೋತೀನಿ, ರೂಮಿಗೆ ಬಂದ್ಮೇಲೆ ಬಿಚ್ತೀನಿ."

"ಜೇಬಿಗಾದ್ರೂ ಹಿಗ್ಗದ ಪಾಪ್ಲಿನ್ ತುಂಡು ಹಾಕಿ. ರಿಬ್ಬು ಭಾರ ತಡೆಯಲ್ಲ. ಬೆವರಿಗೆ ಇಳೀತದೆ."

ನನ್ನ ಬನಿಯನ್ನಿಗೆ ಪಾಪ್ಲಿನ್ನೇ! ನನ್ನ ಬಟ್ಟೆಯ ಗುಣ ನನಗೇ ಹೇಳಿಕೊಡುವುದೇ! "ನೀವು ಕತ್ತರಿಸೋ ಕೆಲಸ ನೋಡ್ಕೊಳ್ಳಿ," ಎಂದೆ. ಅವರು ಪಾಪ್ಲಿನ್ ತುಂಡನ್ನು ಮೇಜಿನ ಮೇಲಿಟ್ಟು ಹೋದರು. ನಾನು ಅದರಲ್ಲಿ ಮೆಷಿನ್ ಒರೆಸಿದೆ.

ಕೊಯಮತ್ತೂರು ಏರ್‌ಪೋರ್ಟಿನಲ್ಲೇ ಮೊದಲ ಪರೀಕ್ಷೆ. ತಪಾಸಣೆಯವನ ಕೈಯಲ್ಲಿದ್ದ ಕೋಲು ನನ್ನ ಎದೆಯ ಹತ್ತಿರ ಕೀ ಕೀ ಎಂದಿತು. ಶರ್ಟಿನ ಗುಂಡಿ ಬಿಚ್ಚಿ, ಅವನು ಕೊಟ್ಟ ಸಣ್ಣ ಕತ್ತರಿಯಿಂದ ಹೊಲಿಗೆ ಬಿಚ್ಚಿ ತೋರಿಸಿದೆ.

"ಇದು ಏನು?"

"ತಾಳಿ."

"ಯಾರದು?"

"ನಮ್ಮ ಮನೆಯವರದು."

"ಅವರೆಲ್ಲಿ?"

ಆಚೆ ಸಾಲಿನಲ್ಲಿ ಅರಿಶಿನದ ಕೊಂಬು ಕಟ್ಟಿಕೊಂಡು ನಿಂತಿದ್ದ ಹೆಂಡತಿ ಕೈ ಎತ್ತಿದಳು. ಆತ ಅವಳನ್ನು ನೋಡಿದ, ನನ್ನನ್ನು ನೋಡಿದ, ಏನೂ ಹೇಳದೆ ಮುಂದಕ್ಕೆ ಕಳಿಸಿದ. ಆ ಏನೂ ಹೇಳದಿರುವುದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ರಿಯೊದಲ್ಲಿ ನಮ್ಮನ್ನು ಸುತ್ತಿಸಲು ವ್ಯಾಪಾರಿ ತಮ್ಮ ಡ್ರೈವರನ್ನು ಕಳಿಸಿದ್ದರು. ನನ್ನದೇ ವಯಸ್ಸಿನವರು. ಅವರ ಇಂಗ್ಲಿಷು ನನ್ನ ಇಂಗ್ಲಿಷಿನಷ್ಟೇ ಇದ್ದುದರಿಂದ ಇಬ್ಬರಿಗೂ ಚೆನ್ನಾಗಿ ಹೊಂದಿತು. ಅವರೂ ಅದೇ ಪಾಠ ಒಪ್ಪಿಸಿದರು: ಎಲ್ಲವೂ ರೂಮಿನ ಲಾಕರಿನಲ್ಲಿ, ಕೈ ಬೀಸಿಕೊಂಡು ದಂಡೆಗೆ. ಲಾಕರೆಂದರೆ ನಾಲ್ಕು ನಂಬರ್ ಒತ್ತಿದರೆ ಬಾಯಿ ತೆರೆಯುವ ಡಬ್ಬಿ. ತಾಳಿಗಂತೂ ಅತ್ತೆಯ ಆಜ್ಞೆ ಇತ್ತು. ಪಾಸ್‌ಪೋರ್ಟನ್ನೂ ಡಾಲರನ್ನೂ ಅದರೊಳಗೆ ಬಿಡಲು ನನಗೇ ಮನಸ್ಸಾಗಲಿಲ್ಲ. ಮೂರನ್ನೂ ಟಿ-ಶರ್ಟ್ ಪ್ಯಾಕ್ ಮಾಡುವ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಜೇಬಿನಲ್ಲಿಟ್ಟು, ಬಾಯಿ ಹೊಲಿದು ತೊಟ್ಟುಕೊಂಡೆ. ಮೈಮೇಲಿರುವ ಬಟ್ಟೆಗೆ ಸೂಜಿ ಹಾಕಬಾರದೆಂದು ಹೆಂಡತಿಯ ಕಟ್ಟಳೆ. ಹಾಗಾಗಿ ದಿನಾ ಬೆಳಿಗ್ಗೆ ಬರೀ ಮೈಯಲ್ಲಿ ಮಂಚದ ಮೇಲೆ ಕೂತು ಹೊಲಿಗೆ. ಜಗತ್ತಿನ ಇನ್ನೊಂದು ತುದಿಗೆ ಹೋದರೂ ಕೆಲಸ ತಪ್ಪಲಿಲ್ಲ.

ಕಡಲ ದಂಡೆಯ ಜನರನ್ನು ನೋಡಿದರೆ ನನಗೆ ವೃತ್ತಿಯ ದುಃಖ. ಬಟ್ಟೆ ಮಾರಿ ಬದುಕುವವನು ನೋಡಬಾರದ ಊರು ಅದು. ಒಂದು ಗೇಣು ಬಟ್ಟೆಯಲ್ಲಿ ಮೂರು ಜನರ ಉಡುಪು ಮುಗಿಯುತ್ತದೆ. ಕೈಯಲ್ಲಿ ಹಾಸಿಕೊಳ್ಳಲು ಒಂದು ಬಟ್ಟೆ, ಕಾಲಿಗೆ ಹವಾಯಿ ಚಪ್ಪಲಿ, ಎಳನೀರಿಗೆ ಬೇಕಾದಷ್ಟು ಚಿಲ್ಲರೆ. ಕದಿಯಲು ಅವರ ಹತ್ತಿರ ಏನೂ ಇರಲಿಲ್ಲ. ಅವರ ನಡುವೆ ಪ್ಯಾಂಟು, ಪೂರ್ತಿ ತೋಳಿನ ಶರ್ಟು, ಶೂ, ಎದೆಯ ಮೇಲೊಂದು ಗಂಟು ಹೊತ್ತು ನಾನು.

ಎರಡನೇ ದಿನ ದಂಡೆಯ ಪಕ್ಕದ ಕಲ್ಲುಹಾಸಿನಲ್ಲಿ ನಡೆಯುತ್ತಿದ್ದಾಗ ಡ್ರೈವರ್ ನಿಂತು ಕೇಳಿದರು: "ಚಿನ್ನ ಎದೆಯಲ್ಲಿ ಇದೆಯಾ?"

"ಯಾರು ಹೇಳಿದ್ದು?"

"ನಿಮ್ಮ ಕೈ. ಹೋಟೆಲಿಂದ ಇಲ್ಲಿಗೆ ಹದಿನಾಲ್ಕು ಸಲ ಮುಟ್ಟಿದೆ. ನಾನು ಡ್ರೈವರ್, ನನಗೇ ಗೊತ್ತಾಯ್ತು. ಕಳ್ಳನಿಗೆ?"

ಅಂದಿನಿಂದ ಕೈಯನ್ನು ಪ್ಯಾಂಟಿನ ಜೇಬಲ್ಲಿ ತುರುಕಿಕೊಂಡು ನಡೆದೆ. ಕೈ ಸಿಕ್ಕಿಬಿದ್ದ ಮೇಲೆ ಎದೆ ತುರಿಸತೊಡಗಿತು. ಆ ಊರಿನ ಸೆಕೆಯಲ್ಲಿ ಪ್ಲಾಸ್ಟಿಕ್ಕು, ಬೆವರು, ಸರದ ಕೊಂಡಿ ಎಲ್ಲ ಸೇರಿ ಪ್ರಾಣ ತಿನ್ನುತ್ತಿದ್ದವು.

"ತುರಿಸ್ತಿದೆಯಾ?" ಹೆಂಡತಿ ಕೇಳಿದಳು.

"ಬಹಳ."

"ಇಪ್ಪತ್ತೊಂಬತ್ತು ವರ್ಷದಿಂದ ನನಗೂ ತುರಿಸ್ತಿದೆ. ಯಾರಾದ್ರೂ ಕೇಳಿದ್ರಾ?"

ತುರಿಕೆಗಿಂತ ದೊಡ್ಡ ಕಷ್ಟ ಬೇರೆ ಇತ್ತು. ಕಟಿಂಗ್ ಮಾಸ್ಟರ್ ಹೇಳಿದಂತೆಯೇ ರಿಬ್ಬು ಇಳಿಯುತ್ತಿತ್ತು. ಬೆಳಿಗ್ಗೆ ಎದೆಯ ಮೇಲಿದ್ದ ಜೇಬು ಮಧ್ಯಾಹ್ನಕ್ಕೆ ಹೊಟ್ಟೆಗೆ, ಸಂಜೆಗೆ ಬೆಲ್ಟಿನವರೆಗೆ. ಮಾರನೇ ದಿನ ಹೊಸ ಬನಿಯನ್ ತೊಟ್ಟರೆ ಅದೂ ಅದೇ ದಾರಿ ಹಿಡಿಯಿತು. ತುಂಬು ಬಸುರಿಯಂತೆ ಕಾಣುತ್ತಿದ್ದೆ. ಬಟ್ಟೆ ಇಳಿದಿದೆ ಎಂದು ಹೆಂಡತಿಗೆ ನಾನಾಗಿ ಹೇಳಲಿಲ್ಲ. ಹೇಳಿದರೆ ಅದು ಮಾಸ್ಟರಿಗೆ ತಲುಪುತ್ತದೆ.

ಮೂರನೇ ದಿನ ಬೆಳಿಗ್ಗೆ ಹತ್ತರ ಹೊತ್ತು. ಹೆಂಡತಿ ಸೀರೆಯನ್ನು ಕಾಲ್ಗಿಣ್ಣಿನ ಮೇಲಕ್ಕೆತ್ತಿ ನೀರಿಗಿಳಿದಳು. ರಾಮೇಶ್ವರದಲ್ಲಿ ಸ್ನಾನ ಮಾಡಿದವಳು, ಎಲ್ಲ ಸಮುದ್ರವೂ ಅದೇ ಎಂದು ಅವಳ ಲೆಕ್ಕ. ರಾಮೇಶ್ವರದ ಸಮುದ್ರ ಕೆರೆಯ ಹಾಗೆ ಮಲಗಿರುತ್ತದೆ. ಇದು ಗೂಳಿ. ಒಂದು ಅಲೆ ಎದ್ದು ಅವಳನ್ನು ಕಾಲಿನಿಂದ ತಲೆಯವರೆಗೆ ಮಡಚಿ ಎಳೆಯಿತು. ನೀರಿನ ಮೇಲೆ ಒಂದು ಕೈ ಮಾತ್ರ ಕಂಡಿತು.

ಆಮೇಲೆ ನಾನು ಏನನ್ನೂ ಯೋಚಿಸಲಿಲ್ಲ. ಶೂ, ಪಾಸ್‌ಪೋರ್ಟು, ತಾಳಿ, ಡಾಲರು ಸಮೇತ ನುಗ್ಗಿದೆ. ಯಾರೋ ಸೀಟಿ ಊದಿದರು. ಕೆಂಪು ಚಡ್ಡಿಯ ಕಾವಲಿನವನೊಬ್ಬ ಓಡಿ ಬಂದ. ಅವನು ಒಂದು ತೋಳು, ನಾನು ಒಂದು ತೋಳು ಹಿಡಿದು ಅವಳನ್ನು ಮರಳಿಗೆ ಎಳೆದು ತಂದೆವು. ಎರಡು ಬೊಗಸೆ ಉಪ್ಪುನೀರು ಉಗುಳಿ ಎದ್ದು ಕೂತಳು. ಮೊದಲು ಮುಟ್ಟಿದ್ದು ಕೊರಳನ್ನು. ಹಳದಿ ದಾರವೂ ಇಲ್ಲ, ಕೊಂಬೂ ಇಲ್ಲ.

"ಅಯ್ಯೋ, ಬರೀ ಕೊರಳು! ಕೊಡಿ, ಬೇಗ ಕೊಡಿ!"

ಕೊಡಬೇಕೆಂದರೆ ಎಲ್ಲಿದೆ? ನೀರು ಕುಡಿದ ಬನಿಯನ್ ಶರ್ಟನ್ನು ದಾಟಿ ಹೊರಬಂದು, ಜೇಬು ನನ್ನ ಮೊಣಕಾಲಿನ ಹತ್ತಿರ ಆಡುತ್ತಿತ್ತು. ಬಾಯಿ ಹಿಡಿದು ಎಳೆದೆ. ಹೊಲಿಗೆ ಜಗ್ಗಲಿಲ್ಲ. ಡ್ರೈವರ್ ಎಳೆದರು. ಕಾವಲಿನವನು ಎಳೆದ. ಎಳೆದಷ್ಟೂ ಬಟ್ಟೆ ಉದ್ದವಾಯಿತು, ಹೊಲಿಗೆ ಮಾತ್ರ ಬಿಡಲಿಲ್ಲ. ನನ್ನ ಕೈಯ ಹೊಲಿಗೆ ಅದು. ಕತ್ತರಿ ರೂಮಿನಲ್ಲಿ. ಸುತ್ತ ಜನ ಸೇರಿದರು. ಹೆಂಡತಿ ಎರಡೂ ಕೈಯಲ್ಲಿ ಕೊರಳು ಮುಚ್ಚಿಕೊಂಡು ಅಳತೊಡಗಿದಳು. ಮುಳುಗುವಾಗ ಅಳದವಳು.

ಜನರ ನಡುವೆ ದಾರಿ ಮಾಡಿಕೊಂಡು ಎಳನೀರು ಮಾರುವವನು ಬಂದ. ಅವನ ಕೈಯಲ್ಲಿ ಮೊಳದುದ್ದದ ಕತ್ತಿ. ಯಾವ ಕತ್ತಿಗೆ ಹೆದರಿ ನಾನು ಈ ಜೇಬು ಹೊಲಿದೆನೋ ಅಂಥದೇ ಕತ್ತಿ. ನಾನೇ ಬನಿಯನ್ ಎತ್ತಿ ಹಿಡಿದು, ಕಣ್ಣು ಮುಚ್ಚಿ, "ಪ್ಲೀಸ್" ಎಂದೆ. ಎಳನೀರಿನ ಮೂತಿ ಕೆತ್ತಿದಷ್ಟು ಸಲೀಸಾಗಿ ಜೇಬಿನ ಬಾಯಿ ಸೀಳಿದ.

ಪ್ಲಾಸ್ಟಿಕ್ ಕವರಿನೊಳಗೆ ಎಲ್ಲ ಒಣಗಿಯೇ ಇತ್ತು. ಸರ ತೆಗೆದೆ. ಅವಳ ಕೊರಳಿಗೆ ಹಾಕಿ ಕೊಂಡಿ ಸಿಕ್ಕಿಸಿದೆ. ಸುತ್ತ ನಿಂತವರು ಮದುವೆ ಎಂದುಕೊಂಡರೋ ಏನೋ, ಚಪ್ಪಾಳೆ ತಟ್ಟಿ ಕೂಗಿದರು. ಒಬ್ಬ ತೇಲಿಹೋಗಿದ್ದ ನನ್ನ ಎಡಗಾಲಿನ ಶೂ ತಂದುಕೊಟ್ಟ. ಡಾಲರು ಮರಳ ಮೇಲೆ ಬಿದ್ದಿತ್ತು, ಇನ್ನೊಬ್ಬಳು ಹೆಕ್ಕಿ ನನ್ನ ಕೈಗಿಟ್ಟಳು. ಅಷ್ಟು ಜನರಲ್ಲಿ ಯಾರೂ ಏನನ್ನೂ ಮುಟ್ಟಲಿಲ್ಲ.

ಎಳನೀರಿನವನಿಗೆ ಏನು ಕೊಡುವುದೆಂದು ನಾನು ತಡಕಾಡುವಾಗ, ಹೆಂಡತಿ ಸೊಂಟದಿಂದ ಒದ್ದೆ ನೋಟಿನ ಮಡಿಕೆ ತೆಗೆದು, ನಾಲ್ಕು ಎಳನೀರು ಕೊಂಡು ಡ್ರೈವರಿಗೆ, ಕಾವಲಿನವನಿಗೆ, ನನಗೆ ಕೊಟ್ಟು ತಾನೂ ಕುಡಿದಳು.

"ಇದೆಲ್ಲಿತ್ತು?"

"ಕಳ್ಳನಿಗೆ ಅಂತ ಟ್ರಾವೆಲ್ಸಿನವರು ಹೇಳಿದ್ರಲ್ಲ. ನೀವು ಇಡಲಿಲ್ಲ, ನಾನಿಟ್ಟಿದ್ದೆ."

ರೂಮಿಗೆ ಬಂದ ಮೇಲೆ ವ್ಯಾಪಾರಿಗೆ ತೋರಿಸಲು ತಂದಿದ್ದ ಸ್ಯಾಂಪಲ್ ಗಂಟು ಬಿಚ್ಚಿದಳು. ನೀಲಿ ಬಣ್ಣದ ರೌಂಡ್ ನೆಕ್ ಒಂದನ್ನು ಎತ್ತಿ ರವಿಕೆಯ ಮೇಲೆ ತೊಟ್ಟು, ಅದರ ಮೇಲೆ ಸೀರೆ ಸುತ್ತಿದಳು. ಸರ ಒಳಗೆ, ಕೊರಳಿನವರೆಗೆ ಬಟ್ಟೆ. ಇಂಚು ಕೂಡ ಕಾಣಲಿಲ್ಲ.

"ಇದನ್ನ ಮೊದ್ಲೇ ಹೇಳಬಾರದಿತ್ತಾ?"

"ಮನೇಲೇ ಹೇಳಿದೆ. ನೀವು ಜೇಬಿಗೆ ಗೀಟು ಹಾಕ್ತಿದ್ರಿ, ಕಿವಿ ಎಲ್ಲಿತ್ತು?"

ಪಾಸ್‌ಪೋರ್ಟು ಮತ್ತು ಡಾಲರನ್ನು ಆ ನಾಲ್ಕು ನಂಬರಿನ ಡಬ್ಬಿಗೆ ಒಪ್ಪಿಸಿದೆ. ಉಳಿದ ದಿನಗಳನ್ನು ಹವಾಯಿ ಚಪ್ಪಲಿ ಹಾಕಿ, ಕೈ ಬೀಸಿಕೊಂಡು ಕಳೆದೆ. ಸಂಜೆಯಾಗುವ ಮೊದಲೇ ದಂಡೆಯಿಂದ ಹಿಂದಿರುಗುತ್ತಿದ್ದೆವು. ಎಷ್ಟು ಚೆಂದದ ಊರೆಂದು ಆಗಲೇ ನನಗೆ ಕಂಡದ್ದು.

ಊರಿಗೆ ಬಂದ ಮೇಲೆ ಅತ್ತೆ ಕೇಳಿದರು: "ತಾಳಿ ಭದ್ರವಾಗಿತ್ತಾ ಮಾಪ್ಳೆ?"

"ನಮ್ಮ ಕೈಗೇ ಸಿಗದಷ್ಟು ಭದ್ರವಾಗಿತ್ತು ಅತ್ತೆ."

ಸೀಳಿದ ಬನಿಯನ್ನನ್ನು ನಾನು ಬಚ್ಚಿಟ್ಟಿದ್ದೆ. ಹೆಂಡತಿ ಅದನ್ನು ಹುಡುಕಿ ಯೂನಿಟ್ಟಿಗೆ ಕಳಿಸಿದಳು. ಮಾಸ್ಟರ್ ಟೇಪು ಹಿಡಿದು ಅಳೆದರು. "ಒಣಗಿದ್ಮೇಲೂ ಹದಿಮೂರು ಇಂಚು ಇಳಿದಿದೆ ಮೊದಲಾಳಿ," ಎಂದಷ್ಟೇ ಹೇಳಿ, ಒಂದು ಹೊಸ ಪಾಪ್ಲಿನ್ ತುಂಡನ್ನು ನನ್ನ ಮೇಜಿನ ಮೇಲಿಟ್ಟರು. ಅದಿನ್ನೂ ಅಲ್ಲೇ ಇದೆ. ಮೆಷಿನ್ ಒರೆಸಲು ಬೇರೆ ಬಟ್ಟೆ ತರಿಸಿದ್ದೇನೆ.

ಮೊನ್ನೆ ಪೊಳ್ಳಾಚಿಗೆ ಮದುವೆಗೆಂದು ಇಬ್ಬರೂ ಉಕ್ಕಡಂ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆವು. ಬಸ್ಸು ಬಂತು, ಜನ ಮೇಲೆ ಬಿದ್ದರು. ನನ್ನ ಕೈ ತಾನಾಗಿ ಎದೆಗೆ ಹೋಗಿ ತಡಕಾಡಿತು. ಮುಂದೆ ಹತ್ತುತ್ತಿದ್ದ ಹೆಂಡತಿ ತಿರುಗಿ ನೋಡಿ, ಸೆರಗನ್ನು ಕೊರಳಿನ ಸುತ್ತ ಬಿಗಿ ಮಾಡಿಕೊಂಡಳು.

"ಅಲ್ಲೇನೂ ಇಲ್ಲ ಏನುಂಗ. ನನ್ ಹತ್ರ ಇದೆ, ಹತ್ತಿ."