ಚೀನಾಪೇಟೆಯಲ್ಲಿ ತಾಯಿ ನಕ್ಕದ್ದು

ಈ ಇಳಿವಯಸ್ಸಿನಲ್ಲೂ ಮುಷ್ಕರ ಹೂಡದೆ ಮೆಟ್ಟಿಲು ಹತ್ತುವ ನನ್ನ ಮೊಣಕಾಲುಗಳಿಗೂ, ಅವುಗಳೊಳಗೆ ಕುಳಿತು ಹತ್ತಿಸುವ ನಂಜುಂಡೇಶ್ವರನಿಗೂ ಮೊದಲ ವಂದನೆ. ಭೂಮಿಯೆಲ್ಲ ಒಂದೇ ತಾಯಿಯ ಮಡಿಲೆಂದು ಬಾಯಲ್ಲಿ ಹೇಳುತ್ತ, ಕಾಲಲ್ಲಿ ಮಾತ್ರ ನಂಜನಗೂಡು ಮೈಸೂರುಗಳನ್ನು ದಾಟದಿದ್ದವಳನ್ನು ಕಡಲಾಚೆಗೆ ಕರೆತಂದ ಆ ಕರುಣೆಯನ್ನು ನೆನೆದು, ಒಂದು ಗುಟ್ಟು ಹೇಳುತ್ತೇನೆ: ನನಗೆ ಪೇಟೆಯೆಂದರೆ ಪ್ರಾಣ. ಬದುಕಿಡೀ ಮಕ್ಕಳಿಗೆ ಸಂಸ್ಕೃತ ಪಾಠ ಹೇಳಿ, ವೈರಾಗ್ಯದ ಶ್ಲೋಕಗಳನ್ನು ಪದಪದವಾಗಿ ಬಿಡಿಸಿಟ್ಟವಳು ನಾನು. ಆದರೆ ಬಳೆಯಂಗಡಿಯೊಂದು ಎದುರಾದರೆ ಸಾಕು, ಆ ಅನ್ವಯವೆಲ್ಲ ಕಲಸಿಹೋಗುತ್ತದೆ.

ಹಾಗಾಗಿ, ಇಚಿಕಾವಾದಲ್ಲಿರುವ ಮಗಳ ಮನೆಗೆ ಬಂದವಳಿಗೆ ಯೊಕೊಹಾಮಾದಲ್ಲೊಂದು ಚೀನಾಪೇಟೆಯಿದೆಯೆಂದು ತಿಳಿದಾಗ, ಹುಟ್ಟಿದ ಉತ್ಸಾಹವನ್ನು ಜಪಸರದ ಹಿಂದೆ ಅಡಗಿಸಿಕೊಳ್ಳಬೇಕಾಯಿತು. ಸುದ್ದಿ ತಂದವಳು ಮೊಮ್ಮಗಳು ಇಂಚರಾ. ಜಪಾನಿನಲ್ಲೇ ಹುಟ್ಟಿದವಳು, ನನ್ನ ಕನ್ನಡವೆಲ್ಲ ಅವಳಿಗೆ ಅರ್ಥವಾಗುತ್ತದೆ, ಅವಳ ಕನ್ನಡದಲ್ಲಿ ಅರ್ಧ ಮಾತ್ರ ನನಗೆ.

“ಬಟ್ ಒಂದು ಕಂಡೀಷನ್ ಅಜ್ಜಿ. ಅಲ್ಲಿ ನೀನು ನನ್ ಜೊತೆ ಏನಾದ್ರೂ ತಿನ್ಬೇಕು. ಜಸ್ಟ್ ಒನ್ ಥಿಂಗ್.”

“ಅಜ್ಜಿಗೆ ಹಾಗೆಲ್ಲ ಬಲವಂತ ಮಾಡ್ಬಾರ್ದು ಪುಟ್ಟ,” ಎಂದಳು ಮಗಳು ವಾಣಿ.

“ಬಲವಂತ ಅಲ್ಲಮ್ಮ, ರಿಕ್ವೆಸ್ಟ್. ನೆಕ್ಸ್ಟ್ ವೀಕ್ ಅಜ್ಜಿ ಹೋಗ್ಬಿಡ್ತಾಳೆ.”

ವಿಷಯವಿಷ್ಟೆ. ನಾನು ಹೊರಗಿನದನ್ನು ತಿನ್ನುವವಳಲ್ಲ. ಎಲ್ಲಿಗೆ ಹೋದರೂ ಮನೆಯವರೆಲ್ಲ ಹೋಟೆಲಿನ ಒಳಗೆ. ನಾನು ಹೊರಗಿನ ಬೆಂಚಿನ ಮೇಲೆ, ಮಡಿಲಲ್ಲಿ ಮೊಸರವಲಕ್ಕಿಯ ಸ್ಟೀಲ್ ಡಬ್ಬಿ. ಒಮ್ಮೆ ಈ ಹುಡುಗಿ ಅರ್ಧ ಊಟ ಬಿಟ್ಟು ಎದ್ದು ಬಂದು ಪಕ್ಕದಲ್ಲಿ ಕುಳಿತಳು. “ಬೇಜಾರಾಗಲ್ವಾ ಅಜ್ಜಿ ಒಬ್ಳೇ?” ಎಂದಳು. ದೇವರಿದ್ದಾನಲ್ಲ ಎಂದೆ. “ಅವನೂ ಮೊಸರವಲಕ್ಕಿನೇ ತಿಂತಾನಾ?” ಎಂದು ಕೇಳಿ ಡಬ್ಬಿಯೊಳಗೆ ಇಣುಕಿದಳು. ಯಾವ ಪಾಠಶಾಲೆಯಲ್ಲೂ ನನಗೆ ಇಂಥ ಪೂರ್ವಪಕ್ಷ ಎದುರಾಗಿರಲಿಲ್ಲ. ಈಗಿನ ಈ ಕಂಡೀಷನ್ನಿಗೂ “ನೋಡೋಣ,” ಎಂದಷ್ಟೇ ಹೇಳಿ ಹೊರಟೆ. ಡಬ್ಬಿಯೂ ಚೀಲದಲ್ಲಿ ಹೊರಟಿತು.

ಶಿನಾಗಾವಾದಲ್ಲಿ ರೈಲು ನಿಂತಾಗ ಅಳಿಯನ ಕಚೇರಿಯಿರುವ ದಿಕ್ಕಿಗೆ ಕೈಯೆತ್ತಿ ಆಶೀರ್ವದಿಸಿದ್ದಾಯಿತು. ಯೊಕೊಹಾಮಾದಲ್ಲಿ ರೈಲು ಬದಲಿಸಿ, ಇಳಿದು, ತಿರುವು ದಾಟಿದೆವೋ ಇಲ್ಲವೋ, ಅಹಾ! ಅಲ್ಲಿಯವರೆಗೆ ಪಿಸುಮಾತಿನಲ್ಲಿದ್ದ ಜಪಾನು ಒಮ್ಮೆಲೇ ಗಂಟಲು ಬಿಚ್ಚಿತು. ಚಿನ್ನದ ಘಟಸರ್ಪಗಳು ಹೊಳೆಯುವ ಮಹಾದ್ವಾರ, ಹಗಲಲ್ಲೇ ತೂಗುವ ಕೆಂಪು ಲಾಂದ್ರಗಳ ಸಾಲು, ಕೂಗಿ ಕರೆಯುವ ಅಂಗಡಿಯವರು! ಇಡ್ಲಿಪಾತ್ರೆಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಬಿದಿರಿನ ಬುಟ್ಟಿಗಳು. ಮುಚ್ಚಳ ತೆಗೆದರೆ ಹಬೆಯ ಮೋಡ, ಮೋಡದೊಳಗೆ ಪಾಂಡಾಮುಖದ ಕಡುಬು. ಹಬ್ಬದ ಮುಂಚಿನ ದಿನ ದೇವರಾಜ ಮಾರ್ಕೆಟ್ಟಿಗೆ ಬಂದಷ್ಟು ಹಿಗ್ಗಾಯಿತು.

ಚೀನಾ ನಮಗೆ ಹೊಸಬನೇನಲ್ಲ. ನಮ್ಮ ಕಾವ್ಯಗಳು ರೇಷ್ಮೆಯನ್ನು ಕರೆದದ್ದೇ ಚೀನಾಂಶುಕವೆಂದು. ಅಷ್ಟು ದೂರವೇಕೆ, ನಮ್ಮಮ್ಮನ ಮಡಿ ಅಡುಗೆಮನೆಯ ನಡುವೆ ಉಪ್ಪಿನಕಾಯಿಯ ಪಿಂಗಾಣಿ ಭರಣಿ ಪಟ್ಟಾಭಿಷಿಕ್ತವಾಗಿ ಕುಳಿತಿತ್ತು. ಮೈಲಿಗೆಯಲ್ಲಿ ಅದನ್ನು ಮುಟ್ಟಿದವರಿಗೆ ಬೈಗುಳ ತಪ್ಪುತ್ತಿರಲಿಲ್ಲ. ಆದರೆ ಭರಣಿಯ ಗೋತ್ರವನ್ನು ಮಾತ್ರ ಯಾರೂ ವಿಚಾರಿಸಿದವರಲ್ಲ. ಈ ಸಮರ್ಥನೆಯೊಂದಿಗೆ ನಾನೊಂದು ಪುಟ್ಟ ಪಿಂಗಾಣಿ ಭರಣಿ ಕೊಂಡೆ. ಅದಕ್ಕೆ ಜೊತೆ ಬೇಕೆಂದು ಇನ್ನೊಂದು. ಆಮೇಲೆ ಬೀಸಣಿಗೆ. ಮುಡಿಯಬೇಕಾದ ಮಲ್ಲಿಗೆಯನ್ನು ಬಿಸಿನೀರಿಗೆ ಹಾಕಿ ಕುಡಿಯುವುದೇ ಎಂದು ಮೂಗು ಮುರಿಯುತ್ತಲೇ ಮಲ್ಲಿಗೆ ಚಹಾದ ಡಬ್ಬಿಯೂ ಚೀಲ ಸೇರಿತು.

“ಅಮ್ಮ, ವಾನಪ್ರಸ್ಥಕ್ಕೆ ಇಷ್ಟೊಂದು ಲಗೇಜ್ ಅಲೋ ಮಾಡ್ತಾರಾ?” ಎಂದಳು ವಾಣಿ. ನಾನು ಬೀಸಣಿಗೆ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದೆ.

ಅಷ್ಟರಲ್ಲಿ ಇಂಚರಾ ಓಡಿಬಂದಳು. “ಅಜ್ಜಿ, ಸಿಕ್ತು! ಸೆಸಮಿ ಬಾಲ್. ಪಿಗ್ ಫ್ಯಾಟ್ ಇಲ್ಲ, ಎಗ್ ಇಲ್ಲ, ಈರುಳ್ಳಿ ಬೆಳ್ಳುಳ್ಳಿನೂ ಇಲ್ಲ. ಆ ಆಂಟಿ ಬುದ್ಧಿಸ್ಟ್, ಅಂಗಡೀಲಿ ಅದ್ಯಾವ್ದೂ ಯೂಸೇ ಮಾಡಲ್ವಂತೆ. ಸುಮಿಮಾಸೆನ್, ಎಕ್ಸ್‌ಕ್ಯೂಸ್ ಮಿ ಅಂತ ಮತ್ತೆ ಮತ್ತೆ ಕೇಳ್ದೆ.”

ಮಗು ನನ್ನ ಆಕ್ಷೇಪಣೆಗಳನ್ನೆಲ್ಲ ಮೊದಲೇ ಖಂಡಿಸಿ ಬಂದಿತ್ತು. ಉತ್ತರ ತೋಚದ ಪಂಡಿತರು ಮಾಡುವುದನ್ನೇ ನಾನೂ ಮಾಡಿದೆ: “ಮೊದಲು ದೇವರ ದರ್ಶನ,” ಎಂದೆ.

ಅಲ್ಲೊಂದು ಕೆಂಪು ದೇಗುಲ. ಹಡಗಿನವರನ್ನು ಕಾಯುವ ಕಡಲ ತಾಯಿ ಅಲ್ಲಿ ನೆಲೆಸಿದ್ದಾಳೆ. ನಾನು ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟೆ. ಅಲ್ಲಿ ಯಾರೂ ಬಿಡುವುದಿಲ್ಲವಂತೆ. ಆದರೆ ಹಿಂದಿದ್ದ ಜಪಾನಿ ದಂಪತಿ ನನ್ನನ್ನು ಕಂಡು ಗಾಬರಿಯಿಂದ ಬೂಟಿನ ದಾರ ಬಿಚ್ಚತೊಡಗಿದರು. ವಾಣಿ ಬಗ್ಗಿ ಬಗ್ಗಿ ಅವರನ್ನು ತಡೆದಳು.

ತಾಯಿಯ ಮುಂದೆ ಅರ್ಧಚಂದ್ರಾಕಾರದ ಎರಡು ಮರದ ತುಂಡುಗಳಿದ್ದವು. ಒಂದು ಮೈ ಚಪ್ಪಟೆ, ಇನ್ನೊಂದು ಮೈ ಉಬ್ಬು. ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟು ಅವನ್ನು ಕೆಳಗೆ ಬಿಡಬೇಕು. ಒಂದು ಚಪ್ಪಟೆ ಒಂದು ಉಬ್ಬು ಮೇಲಾದರೆ ಅಸ್ತು; ಎರಡೂ ಉಬ್ಬಾದರೆ ಬೇಡ. ರೋಮಾಂಚನವಾಯಿತು! ಇದು ನಮ್ಮ ಹೂಪ್ರಸಾದವೇ ಅಲ್ಲವೆ? ಬಲಗಡೆಯ ಹೂ ಬಿದ್ದರೆ ಆಗಲಿ, ಎಡಗಡೆಯದಾದರೆ ಬೇಡ ಎಂದು ದೇವರ ಮುಖ ನೋಡುತ್ತ ಎಷ್ಟು ಮದುವೆಗಳನ್ನು ನಿಶ್ಚಯಿಸಿದ್ದೇವೆ! ಮಂಡಿಯೂರಿ ಕುಳಿತೆ. ‘ತಾಯೀ, ಈ ಮಗುವಿನ ಜೊತೆ ಹೊರಗಿನದನ್ನು ತಿನ್ನಲು ನನಗೆ ಅಪ್ಪಣೆಯುಂಟೆ?’ ಪಕ್ಕದಲ್ಲಿ ಇಂಚರಾ ಕಣ್ಣು ಬಿಗಿಯಾಗಿ ಮುಚ್ಚಿ ಏನನ್ನೋ ಬೇಡಿಕೊಳ್ಳುತ್ತಿದ್ದಳು. ತುಂಡುಗಳನ್ನು ಬಿಟ್ಟೆ. ಟಕ್ ಎಂದು ಬಿದ್ದವು. ಎರಡೂ ಚಪ್ಪಟೆ.

ವಾಣಿ ಅಲ್ಲಿನ ಫಲಕ ಓದಿದಳು. “ಹೀಗೆ ಬಿದ್ರೆ ದೇವ್ರು ನಗ್ತಿದಾಳೆ ಅಂತ ಅರ್ಥವಂತೆ ಅಮ್ಮ.”

“ನಗೋದಂದ್ರೆ ಎಸ್ಸಾ ನೋನಾ?” ಇಂಚರಾ ಕಣ್ಣು ತೆರೆದಳು.

“ಎರಡೂ ಅಲ್ಲ ಪುಟ್ಟ. ಪ್ರಶ್ನೇನೇ ಸರಿಯಾಗಿಲ್ಲ ಅಂತ.”

ಮಗುವಿನ ಮುಖ ಬಾಡಿತು. “ಇನ್ನೊಂದ್ ಸಲ ಹಾಕು ಅಜ್ಜಿ, ಪ್ಲೀಸ್!”

ಬದುಕಿಡೀ ಮಕ್ಕಳ ಪ್ರಶ್ನೆಗಳನ್ನು ತಿದ್ದಿದವಳ ಪ್ರಶ್ನೆಯನ್ನೇ ತಾಯಿ ಹೊಡೆದುಹಾಕಿದ್ದಳು. ಹಾಗೆಯೇ ಕುಳಿತು ಯೋಚಿಸಿದೆ. ಹೊರಗೆ ತಿನ್ನಬಾರದೆಂದು ನನಗೆ ವಿಧಿಸಿದವರಾರು? ಗುರುಗಳಲ್ಲ. ಯಾವ ದೇವರೆದುರೂ ಸಂಕಲ್ಪ ಮಾಡಿದ ನೆನಪಿಲ್ಲ. ಮೊದಮೊದಲು ಅತ್ತೆಯವರ ಮಡಿಗೆ ಅಂಜಿ ಬಿಟ್ಟೆ; ಆಮೇಲೆ ಅಭ್ಯಾಸ; ಆಮೇಲೆ, “ಏನು ನಿಷ್ಠೆ ಇವರದು!” ಎಂದು ನಾಲ್ಕು ಜನ ಅನ್ನುವುದು ಕಿವಿಗೆ ಹಿತವಾಯಿತು. ಆ ಹೊಗಳಿಕೆಯನ್ನು ಮಾತ್ರ ನಾನು ಯಾರ ಮನೆಯದಾದರೂ ಸಂಕೋಚವಿಲ್ಲದೆ ತಿಂದಿದ್ದೇನೆ! ತಾನು ಹಾಕದ ಬೀಗಕ್ಕೆ ತನ್ನ ಬಳಿ ಕೀಲಿಕೈ ಕೇಳಿದರೆ ತಾಯಿ ನಗದೆ ಏನು ಮಾಡಿಯಾಳು? ನನಗೂ ನಗು ಬಂತು. ತುಂಡುಗಳನ್ನು ಕಣ್ಣಿಗೊತ್ತಿ ಮೊದಲಿದ್ದಲ್ಲೇ ಇಟ್ಟೆ. ಒಮ್ಮೆ ನಕ್ಕವಳನ್ನು ಮತ್ತೆ ಕೇಳಿ ಗಂಭೀರಳನ್ನಾಗಿ ಮಾಡುವುದೇಕೆ?

“ನಡಿ,” ಎಂದೆ, “ನಿನ್ನ ಆ ಆಂಟಿಯ ಅಂಗಡಿ ಎಲ್ಲಿ?”

ಇಂಚರಾ ಕೂಗಿದ ಕೂಗಿಗೆ ಅಂಗಳದ ಪಾರಿವಾಳಗಳು ಎದ್ದವು.

ಹತ್ತಿರದ ಪುಟ್ಟ ಉದ್ಯಾನದ ಬೆಂಚಿನ ಮೇಲೆ ಮೂವರೂ ಕುಳಿತೆವು. ಬಿಸಿ ಉಂಡೆ, ಹೊರಗೆಲ್ಲ ಎಳ್ಳು, ಕಚ್ಚಿದರೆ ಗರಿಗರಿ, ಅದರೊಳಗೆ ಮೆದು, ಅದರೊಳಗೆ ಕೆಂಪು ಕಾಳಿನ ಸಿಹಿ ಹೂರಣ. ಅಯ್ಯೋ, ಇದು ನಮ್ಮ ಸುಕ್ಕಿನುಂಡೆ! ಪರದೇಶದಲ್ಲಿ ಎಳ್ಳಿನ ರವಿಕೆ ತೊಟ್ಟು ಕುಳಿತಿದೆ ಅಷ್ಟೆ. ನನ್ನ ಬಾಯನ್ನೇ ನೋಡುತ್ತಿದ್ದ ಇಂಚರಾ, “ಹೇಗಿದೆ?” ಎಂದಳು. ಬಾಯಿ ತುಂಬಿತ್ತು, ಇನ್ನೊಂದಕ್ಕೆ ಕೈ ಚಾಚಿದೆ. ಅವಳು ನನ್ನ ಚೀಲದಿಂದ ಡಬ್ಬಿ ತೆಗೆದು ಮೊಸರವಲಕ್ಕಿಯನ್ನು ತಳ ಕಾಣುವಂತೆ ಬಳಿದು ತಿಂದು, “ದೇವ್ರ ಶೇರ್ ಕೂಡ ನಂದೇ ಇವತ್ತು,” ಎಂದಳು.

ಆ ಉಂಡೆ ಕರಿದ ಕೈಗಳು ಸುಡದಿರಲಿ. ನಮ್ಮನ್ನು ಒಯ್ದು ತಂದ ರೈಲುಗಳಿಗೂ ನಡೆಸಿದವರಿಗೂ ದಾರಿ ಸದಾ ತೆರೆದಿರಲಿ. ನನಗಾಗಿ ಬೂಟು ಬಿಚ್ಚಹೊರಟ ಆ ದಂಪತಿಗೆ ನೂರು ವರ್ಷ ಆಯುಸ್ಸಿರಲಿ. ಲಗೇಜ್ ಹೊತ್ತ ವಾಣಿಯ ಭುಜಕ್ಕೆ ಬಲ ಬರಲಿ. ನನ್ನ ಇಂಚರಾ ಕುಳಿತ ಬೆಂಚಿನಲ್ಲಿ ಯಾರೂ ಒಂಟಿಯಾಗದಿರಲಿ. ಮತ್ತೆ ಈ ಲೋಕದಲ್ಲಿ ಯಾರು ಯಾವ ದೇವರ ಮುಂದೆ ಮಂಡಿಯೂರಿ ಏನೇ ಕೇಳಲಿ, ಉತ್ತರದಲ್ಲಿ ಒಂದಿಷ್ಟು ನಗುವೂ ಬೆರೆತಿರಲಿ.