ಹುಳಿದೊಣೆಗೆ ಬಂದ ಹುಲಿ

ಸೌಭಾಗ್ಯ ಹುಟ್ಟಿ ಬೆಳೆದದ್ದು ಆಂಧ್ರದ ಗಡಿಯ ಮಡಕಶಿರಾ ಕಡೆಯ ರತ್ನಗಿರಿ ಬೆಟ್ಟದ ಬುಡದಲ್ಲಿ. ಅಪ್ಪ ಅಮ್ಮ ಇಬ್ಬರೂ ಕಂಡವರ ಹೊಲದಲ್ಲಿ ಕೂಲಿ ಮಾಡಿದವರು. ಶಾಲೆ ಕನ್ನಡದಲ್ಲಿ, ಕಾಲೇಜು ತೆಲುಗಿನಲ್ಲಿ ಆಗಿದ್ದರಿಂದ ಎರಡೂ ಭಾಷೆ ಅವಳ ನಾಲಿಗೆಯ ಮೇಲೆ ಸಲೀಸಾಗಿ ಆಡುತ್ತಿದ್ದವು. ರಾಯದುರ್ಗದ ಒಂದು ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಲು ಬಂದು ಸೇರಿದ ಮೇಲೆ, ಅಲ್ಲಿಂದ ವರ್ಷಕ್ಕೊಮ್ಮೆ ಹೊರಬರುವ ಕನ್ನಡ ಸಂಶೋಧನಾ ಪತ್ರಿಕೆಯ ಸಂಪಾದನೆಯೂ ಅವಳ ಹೆಗಲೇರಿತು.

ಬಂದ ಲೇಖನಗಳನ್ನೆಲ್ಲ ನಕಲು ಪತ್ತೆ ಮಾಡುವ ಸಾಫ್ಟ್‌ವೇರಿಗೆ ಹಾಕಬೇಕೆಂಬುದು ನಿಯಮ. ಸೌಭಾಗ್ಯ ಹಾಕುತ್ತಿದ್ದಳು. ಆದರೆ ಅಷ್ಟಕ್ಕೇ ಬಿಡದೆ ಪ್ರತಿ ಲೇಖನವನ್ನೂ ಬಾಯಿಬಿಟ್ಟು ಓದುತ್ತಿದ್ದಳು. ಬರೆದವರ ದನಿ ಆಗ ಕೇಳಿಸುತ್ತದೆ ಎಂದು ಅವಳ ನಂಬಿಕೆ.

ಆ ವರ್ಷ ವಿಭಾಗದ ಮುಖ್ಯಸ್ಥರಾದ ಹುಲುಗಪ್ಪನವರೂ ಒಂದು ಲೇಖನ ಕೊಟ್ಟರು. ವಿಷಯ, ರತ್ನಗಿರಿ ಕೋಟೆಯ ನೀರಿನ ವ್ಯವಸ್ಥೆ. ತನ್ನೂರಿನ ಮೇಲೆ ಬರೆದಿದ್ದಾರೆಂದು ಅವಳು ಹಿಗ್ಗಿನಿಂದಲೇ ಓದಲು ಕೂತಳು. ಸಾಫ್ಟ್‌ವೇರ್ ಯಾವ ತಕರಾರನ್ನೂ ತೆಗೆದಿರಲಿಲ್ಲ. ಆದರೆ ಓದುತ್ತ ಹೋದಂತೆ ವಾಕ್ಯಗಳು ಕನ್ನಡದ ಅಂಗಿ ತೊಟ್ಟ ತೆಲುಗಿನಂತೆ ಕೇಳಿಸತೊಡಗಿದವು. ನಡುವೆ ಒಂದು ಕಡೆ ಹೀಗಿತ್ತು: ‘ಕೋಟೆಯ ಪಡುವಣಕ್ಕೆ ಹುಲಿದೊಣೆ ಎಂಬ ಬಂಡೆಯ ಹೊಂಡವಿದೆ. ಹಿಂದೆ ಹುಲಿಗಳು ಇಲ್ಲಿ ನೀರು ಕುಡಿಯಲು ಬರುತ್ತಿದ್ದವು.’

ಸೌಭಾಗ್ಯ ಅಲ್ಲೇ ಓದು ನಿಲ್ಲಿಸಿದಳು. ಚಿಕ್ಕಂದಿನಲ್ಲಿ ಅವಳು ಈಜು ಕಲಿತದ್ದೇ ಆ ಹೊಂಡದಲ್ಲಿ. ಅದು ಹುಲಿದೊಣೆಯಲ್ಲ, ಹುಳಿದೊಣೆ. ದಡದ ಹುಣಸೆಮರದ ಕಾಯಿ ಉದುರಿ ನೀರು ಹುಳಿಯಾಗುತ್ತಿತ್ತು. ಊರಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ತೆಲುಗಿನಲ್ಲಾದರೆ, ಪುಲಿಹೋರದಲ್ಲಿರುವಂತೆ, ಹುಳಿಗೂ ‘ಪುಲಿ’, ಹುಲಿಗೂ ‘ಪುಲಿ’. ತೆಲುಗಿನಿಂದ ಕನ್ನಡಕ್ಕೆ ತಂದವರಿಗೆ ಮಾತ್ರ ಅಲ್ಲಿ ಹುಲಿ ಸಿಗಲು ಸಾಧ್ಯ.

ಹಳೆಯ ತೆಲುಗು ಮಾಸಪತ್ರಿಕೆಗಳನ್ನು ತಿರುವಿದಾಗ ಮೂಲ ಸಿಕ್ಕಿತು. ಬರೆದವರು ಮಡಕಶಿರಾದ ನಿವೃತ್ತ ಮೇಷ್ಟ್ರು ಗೋಪಾಲಪ್ಪ.

ಎರಡು ದಿನ ಅವಳಿಗೆ ಊಟ ರುಚಿಸಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ತರಗತಿ ನಿಭಾಯಿಸುವುದನ್ನು ಕಲಿಸಿಕೊಟ್ಟವರೇ ಹುಲುಗಪ್ಪ. ಅವರ ಬಡ್ತಿಗೆ ಒಂದು ಲೇಖನ ಬೇಕಾಗಿದೆ ಎಂಬುದೂ ಅವಳಿಗೆ ಗೊತ್ತಿತ್ತು. ಆದರೂ ಸುಮ್ಮನಿರಲಾಗದೆ ಅವರ ಮನೆಗೇ ಹೋದಳು.

“ಸಾರ್, ಇದು ಗೋಪಾಲಪ್ಪ ಮೇಷ್ಟ್ರು ಬರೆದದ್ದು ಅಲ್ವಾ?”

ಹುಲುಗಪ್ಪ ಕನ್ನಡಕ ತೆಗೆದು ಒರೆಸಿದರು. “ಮಷಿನ್ನೇ ಪಾಸು ಮಾಡೈತಿ. ನಿನಗ ಯಾಕ ಬೇಕವ್ವ ಈ ಉಸಾಬರಿ?”

“ಮಷಿನ್‌ಗೆ ರತ್ನಗಿರಿ ಗೊತ್ತಿಲ್ಲ ಸಾರ್.”

“ನಾ ಕಾಪಿ ಹೊಡೆದಿಲ್ಲ. ಕುಂತು ಒಂದೊಂದು ಮಾತು ಕನ್ನಡಕ್ಕ ತಂದೀನಿ. ಅದು ದುಡಿಮೆ ಅಲ್ಲೇನು?”

“ದುಡಿಮೆನೇ ಸಾರ್. ಹಂಗಾದ್ರೆ ಅನುವಾದ ಅಂತಲೇ ಹಾಕಾಣ. ಮೇಲೆ ಅವರ ಹೆಸರು, ಕೆಳಗೆ ನಿಮ್ಮ ಹೆಸರು.”

ಅನುವಾದಕ್ಕೆ ಬಡ್ತಿಯಲ್ಲಿ ಬೆಲೆಯಿಲ್ಲ. ಅವರ ಹೆಂಡತಿ ತಂದಿಟ್ಟ ಚಹಾ ಇಬ್ಬರ ಮುಂದೆಯೂ ಆರಿತು. ಸೌಭಾಗ್ಯ ಎದ್ದು ಹೊರಡುವಾಗ ಕೊನೆಗೂ ಕೇಳಿದರು: “ಅಲ್ಲಾ, ನಿನಗ ಹೆಂಗ ಗೊತ್ತಾತು?”

ಅವಳು ಹುಲಿಯ ಸಂಗತಿ ಹೇಳಿದಳು. ಅವರು ಮುಖ ಕೆಳಗೆ ಹಾಕಿದರು. “ನಾ ಆ ಬೆಟ್ಟ ನೋಡೇ ಇಲ್ಲವ್ವ” ಎಂದರು ಸಣ್ಣ ದನಿಯಲ್ಲಿ.

ಮುಂದಿನ ಭಾನುವಾರ ಇಬ್ಬರೂ ಬಸ್ಸು ಹತ್ತಿದರು. ರತ್ನಗಿರಿಯಲ್ಲಿ ಸೌಭಾಗ್ಯಳ ದೊಡ್ಡಮ್ಮ ಜುಂಜಮ್ಮ ಮುಂದೆ ನಡೆದು ದಾರಿ ತೋರಿಸಿದಳು. ಹೊಂಡದ ದಡದಲ್ಲಿ ನಿಂತು ಹುಲುಗಪ್ಪ ಹುಲಿಯ ಮಾತೆತ್ತಿದ್ದೇ ತಡ, ಜುಂಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. “ಹುಲಿ ಬಂದಿದ್ರೆ ನಾವು ಇಲ್ಲಿ ಬಟ್ಟೆ ಒಗೀತಿದ್ವಾ ಸೋಮಿ?”

ಮೇಷ್ಟ್ರನ್ನು ಕಂಡೇ ಹೋಗೋಣವೆಂದು ಹುಲುಗಪ್ಪ ಅಂದಿದ್ದರಿಂದ, ಸಂಜೆ ಮಡಕಶಿರಾದಲ್ಲಿ ಇಳಿದು ಗೋಪಾಲಪ್ಪನವರ ಮನೆ ಹುಡುಕಿದರು. ಹುಲುಗಪ್ಪ ಏನನ್ನೂ ಮರೆಮಾಚಲಿಲ್ಲ. “ಕೇಳದಂಗ ನಿಮ್ಮದನ್ನ ನನ್ನ ಹೆಸರಿಗೆ ಹಾಕ್ಕೊಂಡಿದ್ದೆ. ತಪ್ಪಾತ್ರಿ” ಎಂದರು. ಸೌಭಾಗ್ಯ ಲೇಖನದ ಹಾಳೆಗಳನ್ನು ಮುಂದಿಟ್ಟಳು.

ಮುದುಕರು ಹಾಳೆಗಳನ್ನು ನಿಧಾನವಾಗಿ ಓದಿದರು. “ಬೇಜಾರಾಯ್ತು ಅಂದ್ರೆ ಸುಳ್ಳಲ್ಲ. ಈ ಬೆಟ್ಟಕ್ಕೆ ನಾನು ಹತ್ತು ವರ್ಷ ಓಡಾಡಿದ್ದೀನಿ” ಎಂದರು. ಆಮೇಲೆ ಹುಲಿಯ ಪುಟಕ್ಕೆ ಬಂದು ಹುಬ್ಬೇರಿಸಿದರು. “ನಾನು ಬರೀ ಪುಲಿದೊನ ಅಂತ ಬರ್ದಿದ್ದೆ. ನೀರು ಕುಡಿಯೋಕೆ ಬಂದ ಹುಲಿ ನಿಮ್ದೇ ಸ್ವಂತದ್ದು ಸಾರ್.”

ಹುಲುಗಪ್ಪನವರೇ ಮೊದಲು ನಕ್ಕರು. ಆ ನಗು ಬಂದ ಮೇಲೆ ಮಾತು ಹಗುರವಾಯಿತು. ಅನುವಾದವೆಂದು ಅಚ್ಚು ಹಾಕಲು ಗೋಪಾಲಪ್ಪ ಒಪ್ಪಿದರು. ಹಳೆಯ ಲೇಖನದಲ್ಲಿ ಬಿಟ್ಟುಹೋಗಿದ್ದ ಒಂದೆರಡು ಸಂಗತಿಗಳನ್ನೂ ಕುಳಿತು ಸೇರಿಸಿಕೊಟ್ಟರು.

ಪತ್ರಿಕೆ ಹೊರಬಂತು. ಹುಲುಗಪ್ಪನವರ ಬಡ್ತಿ ಆ ವರ್ಷ ಆಗಲಿಲ್ಲ. ಕೆಲವು ತಿಂಗಳು ಅವರು ಸೌಭಾಗ್ಯಳ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದರು, ಅವಳಿಗದು ಚುಚ್ಚುತ್ತಿತ್ತು. ಆದರೆ ಇನ್ನು ಮುಂದೆ ಲೇಖನ ಕೊಟ್ಟವರು ಬಂದು, ಯಾರನ್ನು ಕೇಳಿದೆ, ಎಲ್ಲಿಗೆ ಹೋದೆ, ಯಾವುದನ್ನು ಓದಿದೆ ಎಂದು ಸಂಪಾದಕ ಮಂಡಳಿಯೆದುರು ಹೇಳಬೇಕು ಎಂದು ಅವಳು ಸಭೆಯಲ್ಲಿ ಸೂಚಿಸಿದಾಗ, ಒಪ್ಪಿ ಮೊದಲು ಕೈ ಎತ್ತಿದವರು ಹುಲುಗಪ್ಪನವರೇ.

ಈಗ ಹುಲುಗಪ್ಪ ಬಿಡುವಾದಾಗಲೆಲ್ಲ ಭೈರವಾನಿತಿಪ್ಪ ಡ್ಯಾಮಿನ ಕೆಳಗಿನ ಊರುಗಳಿಗೆ ಹೋಗುತ್ತಾರೆ. ಕಾಲುವೆಯ ನೀರನ್ನು ರೈತರು ಹೇಗೆ ಹಂಚಿಕೊಳ್ಳುತ್ತಿದ್ದರೆಂದು ಹಿರಿಯರನ್ನು ಕೇಳಿ ಬರೆದುಕೊಳ್ಳುತ್ತಿದ್ದಾರೆ. ಮೊದಲ ಕರಡನ್ನು ಸೌಭಾಗ್ಯ ಪ್ರಶ್ನೆಗಳನ್ನು ಗೀಚಿ ಹಿಂದಿರುಗಿಸಿದಳು.

“ಬಿಡಂಗಿಲ್ಲ ನೋಡು ನೀ” ಎಂದು ಗೊಣಗಿದರು ಹುಲುಗಪ್ಪ. ಮರುದಿನ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಮತ್ತೆ ಬಸ್‌ಸ್ಟ್ಯಾಂಡಿನ ಕಡೆ ನಡೆದರು.